ಉಕ್ವಾಜು ಬೀದಿಯ ನಲ್ಲಿಗೆ ಕಿವಿಗೊಟ್ಟವಳು

ನಮ್ಮ ಉಕ್ವಾಜು ಬೀದಿಯವರು ಸಿಕುಧಾನಿಯನ್ನು ಮೊದಲ ಸಲ ಕಂಡಾಗ ಆಕೆ ಬೀದಿ ನಲ್ಲಿಯ ಬುಡದಲ್ಲಿ ಬೋರಲಾಗಿ ಮಲಗಿದ್ದಳು. ದಾರ್ ಎಸ್ ಸಲಾಮಿನ ಮಧ್ಯಾಹ್ನದ ಬಿಸಿಲು. ನೆಲವೆಲ್ಲ ಕಾದ ಹೆಂಚಿನಂತಿತ್ತು. ಉಟ್ಟ ಖಂಗಾ ಮಣ್ಣಾಗಿತ್ತು, ಕಣ್ಣು ಮುಚ್ಚಿತ್ತು, ಒಂದು ಕಿವಿ ನಲ್ಲಿಯ ಕಬ್ಬಿಣದ ಕೊಳವೆಗೆ ಅಂಟಿಕೊಂಡಿತ್ತು. ಎದುರು ಮನೆಯ ತೌಸಿಯ ತಾಯಿ ಬಾಗಿಲಿಗೆ ಬಂದವಳು ಅದನ್ನು ಕಂಡು ಹೌಹಾರಿದಳು.

"ಅಯ್ಯಯ್ಯೋ, ಯಾರೋ ಹೆಂಗಸು ತಲೆ ತಿರುಗಿ ಬಿದ್ದಿದ್ದಾಳೆ! ನೀರು ತನ್ರೇ!"

ಯಾರೋ ಒಳಗಿನಿಂದ ಬಟ್ಟಲು ನೀರು ತಂದರು. ತೌಸಿಯ ತಾಯಿ ಅದನ್ನು ಮುಖಕ್ಕೆ ಎರಚಬೇಕು, ಅಷ್ಟರಲ್ಲಿ ಬಿದ್ದವಳು ಒಂದು ಕಣ್ಣು ತೆರೆದಳು.

"ಹಾಕಿದ್ರೆ ನೋಡು! ಆ ನೀರು ನಲ್ಲೀಲಿ ಬಂದಿದ್ದೋ, ಕೊಂಡಿದ್ದೋ?"

"ನಲ್ಲೀಲಿ ಎಲ್ಲಿ ಬರುತ್ತಕ್ಕಾ? ಕೊಂಡಿದ್ದೇ."

"ಹಾಗಾದ್ರೆ ಕುಡಿ, ಚೆಲ್ಲಬೇಡ. ನನಗೇನೂ ಆಗಿಲ್ಲ. ಕೊಳವೆ ಏನೋ ಹೇಳ್ತಾ ಇದೆ, ಕೇಳ್ತಾ ಇದೀನಿ. ಸ್ವಲ್ಪ ಸುಮ್ನಿರಿ ಎಲ್ಲರೂ."

ಸುಮ್ಮನಿರುವುದು ಎಲ್ಲಿಯ ಮಾತು? ಅಷ್ಟರಲ್ಲಿ ಇಡೀ ಬೀದಿ ಅಲ್ಲಿ ಸೇರಿತ್ತು. ನಲ್ಲಿ ಸಮಿತಿಯ ಅಧ್ಯಕ್ಷ ಮಿಹಾಂಬೊ ಕೂಡ ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಬಂದ. ಆತ ನಕ್ಕರೆ ಬೀದಿಯ ಆ ತುದಿಯಲ್ಲಿ ಒಣಹಾಕಿದ ಬಟ್ಟೆ ಅಲುಗುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು.

"ಯಾರಮ್ಮ ನೀನು? ಯಾವ ಜನ?"

"ತೀರಿಕೊಂಡ ಆ ಮೂಲೆಮನೆ ಅಜ್ಜಿ ನನ್ನ ಚಿಕ್ಕಮ್ಮ. ಇನ್ನು ಮೇಲೆ ಆ ಮನೇಲಿ ನಾನೇ ಇರೋಳು. ನಾವು ಝರಾಮೊ."

ಮಿಹಾಂಬೊನ ಮುಖ ಅರಳಿತು. ಬಗ್ಗಿ, ಆಕೆಯ ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿದ್ದ ಕರಿದ ಮಂದಾಝಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡ.

"ನಾನು ನ್ಯಾಮ್ವೇಝಿ! ಈ ಬೀದೀಲಿರೋ ಝರಾಮೊಗಳೆಲ್ಲ ಬಾಯಿ ಸತ್ತೋರು, ಬೈದ್ರೆ ತಿರುಗಿ ಬೈಯೋಕೂ ಬರಲ್ಲ. ನೀನಾದ್ರೂ ಬೈತೀಯಾ? ಅಲ್ಲ, ನಿಮ್ಮ ಜನ ತೆಂಗಿನ ಮರದ ನೆರಳಲ್ಲಿ ಮಲಗ್ತಾರೆ ಅಂತ ಕೇಳಿದ್ದೆ. ನಲ್ಲಿ ನೆರಳಲ್ಲೂ ಮಲಗ್ತೀರಾ?"

ಸಿಕುಧಾನಿ ಎದ್ದು ಕುಳಿತು ಮಣ್ಣು ಕೊಡವಿಕೊಂಡಳು. "ನಿಮ್ಮ ಅಜ್ಜಂದಿರು ಅರಬರ ಹೊರೆ ಹೊತ್ತೂ ಹೊತ್ತೂ ಕುತ್ತಿಗೆ ಒಳಗೆ ಹೋಗಿತ್ತಂತೆ. ನಿನ್ನ ಕುತ್ತಿಗೆ ಎಲ್ಲಪ್ಪಾ? ಹೊಟ್ಟೆಗೆ ಇಳಿದು ಬಿಡ್ತಾ?"

ಬೀದಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಮಿಹಾಂಬೊನೇ. ಅಂದಿನಿಂದ ಅವರಿಬ್ಬರೂ ಮ್ತಾನಿಗಳಾದರು. ನ್ಯಾಮ್ವೇಝಿಗಳಿಗೂ ಝರಾಮೊಗಳಿಗೂ ಅಜ್ಜಂದಿರ ಕಾಲದಿಂದ ನಡೆದು ಬಂದಿರುವ ನಂಟು ಇದು. ಮ್ತಾನಿಯಾದವರು ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯಬಹುದು, ಕೈಯಲ್ಲಿದ್ದುದನ್ನು ಕಿತ್ತುಕೊಂಡು ತಿನ್ನಬಹುದು, ಸಿಟ್ಟಾಗುವ ಹಾಗಿಲ್ಲ. ಸಾವಾದ ಮನೆಯಲ್ಲಿ ನೀರು ಹೊರುವವರು, ಒಲೆ ಹಚ್ಚುವವರು, ಅಳುವವರನ್ನು ಗೇಲಿ ಮಾಡಿ ನಗಿಸುವವರು ಆ ಮನೆಯ ಮ್ತಾನಿಗಳೇ. ಬಹಳ ಒಳ್ಳೆಯ ಪದ್ಧತಿ. ಎಷ್ಟೋ ಜಗಳಗಳನ್ನು ಅದು ನಗಿಸಿ ಮುಗಿಸಿದೆ. ಆದರೆ ಒಳ್ಳೆಯ ಪದ್ಧತಿಯ ಮರೆಯಲ್ಲಿ ಕಳ್ಳ ಅಡಗಿಕೊಂಡರೆ ಏನಾಗುತ್ತದೆ ಎಂಬುದನ್ನು ನಾವೆಲ್ಲ ಆಮೇಲೆ ಕಂಡೆವು.

ಸಿಕುಧಾನಿ ಬಹಳ ವರ್ಷ ರೇಡಿಯೊದ ಧ್ವನಿ ವಿಭಾಗದಲ್ಲಿ ದುಡಿದವಳು. ಟೇಪು ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿ, ಡೋಲು, ಮದುವೆ ಹಾಡು, ಕುಯ್ಲಿನ ಹಾಡುಗಳನ್ನು ಹಿಡಿದು ತರುವುದು ಆಕೆಯ ಕೆಲಸವಾಗಿತ್ತು. ಒಂದು ಹಳ್ಳಿಯಲ್ಲಿ ಹಾಡುಗಾರ್ತಿ ಮನೆಯ ಮಡಕೆಗಳೆಲ್ಲ ತುಂಬುವ ತನಕ ಹಾಡುವುದಿಲ್ಲ ಎಂದು ಹಟ ಹಿಡಿದಳಂತೆ. ಕಾಯುತ್ತ ಕುಳಿತ ಸಿಕುಧಾನಿ ಸುಮ್ಮನೆ ಮಡಕೆಗೆ ನೀರು ಬೀಳುವ ಸದ್ದನ್ನೇ ಹಿಡಿದುಕೊಂಡಳು. ಊರಿಗೆ ಮರಳಿದ ಮೇಲೆ ಮತ್ತೆ ಮತ್ತೆ ಕೇಳಬೇಕೆನಿಸಿದ್ದು ಹಾಡಲ್ಲ, ಆ ಮಡಕೆಯೇ. ನಿವೃತ್ತಳಾದ ಮೇಲೆ ಆಕೆಗೆ ಅದೇ ಗೀಳಾಯಿತು. ಮಾರುಕಟ್ಟೆಯ ಕಲ್ಲುಹಾಸಿನ ಕೆಳಗೆ ಹರಿಯುವ ಮೋರಿ, ದಿಬ್ಬದ ಮೇಲಿನ ತೊಟ್ಟಿಯ ಹೊಟ್ಟೆಯೊಳಗಿನ ಗುಡುಗು, ರೈಲು ಹೋದಾಗ ಹಳಿಯಡಿಯ ಕೊಳವೆ ನಡುಗುವುದು, ಎಲ್ಲವೂ ಆಕೆಗೆ ಬೇಕು. ಗುಂಡಿಯಷ್ಟಗಲದ ಒಂದು ಮೈಕು ಇತ್ತು. ಕಬ್ಬಿಣಕ್ಕೆ ಅಂಟಿಸಿದರೆ ಕಬ್ಬಿಣದ ಒಳಗಿನ ಸದ್ದು ಕಿವಿಗೆ ಹಾಕಿಕೊಂಡ ಹೆಡ್‌ಫೋನಿಗೆ ಬರುತ್ತಿತ್ತು. ಪ್ರತಿ ಸಲವೂ ಮೊದಲು ರೇಡಿಯೊದ ಗತ್ತಿನಲ್ಲಿ ಸ್ಥಳ, ವಾರ, ಹೊತ್ತು ಹೇಳಿಯೇ ಮುಂದಿನ ಕೆಲಸ. ಬರೆದಿಡುವ ಅಭ್ಯಾಸ ಆಕೆಗಿರಲಿಲ್ಲ.

"ಗಂಡಸರ ಹಾಡು ಕೇಳಿ ಬೇಜಾರಾಗಿ ಈಗ ಮೋರಿ ಹಾಡು ಕೇಳ್ತೀಯೇನಕ್ಕಾ?" ಎಂದು ತೌಸಿಯ ತಾಯಿ ಚುಡಾಯಿಸುತ್ತಿದ್ದಳು.

"ಮೋರಿ ತಾಳ ತಪ್ಪಲ್ಲ ಕಣೇ," ಎನ್ನುತ್ತಿದ್ದಳು ಸಿಕುಧಾನಿ.

ಹೀಗೆ ಕೇಳುವುದನ್ನು ತುಂಬ ಇಷ್ಟಪಟ್ಟವಳು ಒಬ್ಬಳೇ: ಮಿಹಾಂಬೊನ ಮುದಿ ತಾಯಿ ಕಬೂಲಾ ಅಜ್ಜಿ. ಕಣ್ಣು ಮಂಜಾಗಿ ಜಗಲಿಯಲ್ಲೇ ಕೂತಿರುತ್ತಿದ್ದ ಆಕೆಯ ಬಿಳಿ ತಲೆಗೆ ಸಿಕುಧಾನಿ ಹೆಡ್‌ಫೋನು ಹಾಕಿದರೆ, ಅಜ್ಜಿ ಬೊಚ್ಚುಬಾಯಿ ಬಿಟ್ಟು ಕೇಳುತ್ತಿದ್ದಳು. "ಇದು ಎಲ್ಲಿ ನೀರು, ಝರಾಮೊ?" "ತೊಟ್ಟಿ ನೀರು ಅಜ್ಜಿ." "ಸುಳ್ಳು. ತಬೋರಾದಲ್ಲಿ ನಮ್ಮಪ್ಪ ತೋಡಿಸಿದ ಬಾವಿ ಇದು. ಕದ್ದುಕೊಂಡು ಬಂದೆಯಾ?" ಇಬ್ಬರೂ ನಗುತ್ತಿದ್ದರು.

ಇನ್ನು ನಮ್ಮ ನಲ್ಲಿಯ ಮಾತು. ಸಿಕುಧಾನಿ ಬರುವುದಕ್ಕೆ ಬಹಳ ಹಿಂದೆಯೇ ಅದು ಬತ್ತಿತ್ತು. ಸರದಿಯಂತೆ ನೀರು ಬಿಡುತ್ತಾರೆ, ನಮ್ಮ ಬೀದಿಗೆ ಸರದಿ ಮುಟ್ಟುತ್ತಿಲ್ಲ ಎಂದು ಮಿಹಾಂಬೊ ಸಮಿತಿಯಲ್ಲಿ ಹೇಳುತ್ತಿದ್ದ. ಈದ್ ಹಬ್ಬದ ಬೆಳಿಗ್ಗೆ ಮಾತ್ರ ನೀರು ಧಾರಾಕಾರವಾಗಿ ಬರುತ್ತಿತ್ತು. "ಕಚೇರಿಯವರ ಕಾಲು ಹಿಡಿದು ತರಿಸಿದೆ" ಎಂದು ಆತ ಹೇಳಿದಾಗ ಹೆಂಗಸರು ಕೈಯೆತ್ತಿ ಹರಸುತ್ತಿದ್ದರು. ಉಳಿದ ದಿನಗಳಲ್ಲಿ ಆತನ ಹೆಂಡತಿಯ ತಮ್ಮನ ಟ್ಯಾಂಕರು ಬರುತ್ತಿತ್ತು. ನೀಲಿ ಬಣ್ಣದ ಟ್ಯಾಂಕರಿನ ಮೈಮೇಲೆ 'ನೀರೇ ಜೀವ' ಎಂದು ಬಿಳಿ ಅಕ್ಷರದಲ್ಲಿ ಬರೆಸಿದ್ದರು. ಆ ಜೀವವನ್ನು ಬಕೆಟ್ಟಿನ ಲೆಕ್ಕದಲ್ಲಿ ಕೊಂಡು, ಹೊತ್ತು, ಹೆಂಗಸರ ಸೊಂಟ ಬಿದ್ದುಹೋಗಿತ್ತು. ಹೆಣ್ಣು ಮಕ್ಕಳು ಒದ್ದೆ ಹೆಗಲಿನಲ್ಲಿ, ಮೊದಲ ಪಾಠ ಮುಗಿದ ಮೇಲೆ ಶಾಲೆಯ ಬಾಗಿಲಿಗೆ ಬಂದು ತಲೆತಗ್ಗಿಸಿ ನಿಲ್ಲುತ್ತಿದ್ದರು. ಅವರನ್ನು ಏನೆಂದು ಗದರಿಸುವುದು? ತೌಸಿ ಆ ವರ್ಷ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು ಬುದ್ಧಿ ಸಾಲದೆ ಅಲ್ಲ.

ಮೊದಲ ದಿನ ಕೊಳವೆಗೆ ಕಿವಿಯಿಟ್ಟಾಗಲೇ ಸಿಕುಧಾನಿಗೆ ಅನುಮಾನ ಬಂದಿತ್ತು. ಬತ್ತಿದ ಕೊಳವೆ ಸತ್ತ ಕೊಳವೆಯಂತಿರಬೇಕು; ಇದು ಸಣ್ಣಗೆ ಗುಂಯ್‌ಗುಡುತ್ತಿತ್ತು. ಎಲ್ಲೋ, ಬಹಳ ದೂರವಲ್ಲದ ಕಡೆ, ಇದೇ ಕೊಳವೆಯಲ್ಲಿ ನೀರು ಓಡುತ್ತಿತ್ತು. ಮನೆ ಜೋಡಿಸಿಕೊಂಡ ಮೇಲೆ ಆಕೆ ಮೈಕು ಹಿಡಿದು ಕೊಳವೆ ಹೋದ ದಾರಿಯನ್ನೇ ಹಿಡಿದಳು. ಕೊಳವೆ ಮಣ್ಣಿನಿಂದ ತಲೆಯೆತ್ತಿದಲ್ಲೆಲ್ಲ ಕೂತು ಕೇಳಿದಳು. ಮಸೀದಿಯ ಬಳಿ ಗುಂಯ್ಗಾರ ಜೋರಾಯಿತು. ಹಿಟ್ಟಿನ ಗಿರಣಿಯ ಹಿಂದಿನ ಓಣಿಗೆ ಬಂದಾಗ ಸದ್ದಿಗೆ ಹೆಡ್‌ಫೋನನ್ನೇ ಕಿತ್ತು ತೆಗೆಯುವಂತಾಯಿತು. ಅಲ್ಲಿ ಎತ್ತರದ ತಗಡಿನ ಬೇಲಿ, ಕಬ್ಬಿಣದ ಗೇಟು. ಮಿಹಾಂಬೊನ ಬಾಮೈದನ ಟ್ಯಾಂಕರು ನಿಲ್ಲುವ ಜಾಗ ಅದು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೂ ಹೋಗಲಿಲ್ಲ. ಅಂದು ಹುಣಸೆ ಮರದ ಕೆಳಗೆ ಸಮಿತಿಯ ಸಭೆ ನಡೆಯುತ್ತಿತ್ತು. ನೇರ ಅಲ್ಲಿಗೇ ಹೋಗಿ ನಿಂತಳು.

"ಎಲ್ಲರೂ ಕೇಳಿ. ನಮ್ಮ ನೀರು ಬತ್ತಿಲ್ಲ. ಗಿರಣಿ ಹಿಂದೆ ನಮ್ಮ ಕೊಳವೆ ಕತ್ತು ಹಿಸುಕಿ ಟ್ಯಾಂಕರಿಗೆ ತುಂಬ್ತಾ ಇದ್ದಾರೆ. ನಮ್ಮ ನೀರನ್ನೇ ನಮಗೆ ಮಾರ್ತಾ ಇದ್ದಾನೆ ಈ ಕಳ್ಳ!" ಎಂದು ಮಿಹಾಂಬೊನತ್ತ ಬೆರಳು ತೋರಿಸಿದಳು.

ಮಿಹಾಂಬೊ ತೊಡೆ ತಟ್ಟಿಕೊಂಡು ನಗತೊಡಗಿದ.

"ಅಯ್ಯೋ ನನ್ನ ಮ್ತಾನೀ! ಇವತ್ತು ಚೆನ್ನಾಗಿ ಹೊಡೆದೆ! ನೀರು ಕದ್ದೆ ಅಂತೀಯಲ್ಲ, ನಿಮ್ಮೂರಿನ ಸಮುದ್ರಾನೂ ನಾನೇ ಕದ್ದು ಉಪ್ಪು ಹಾಕಿ ವಾಪಸ್ ಇಟ್ಟಿದ್ದು, ಅದನ್ನೂ ಹೇಳು!"

ಹುಣಸೆ ಮರದ ಕೆಳಗೆ ನಗೆಯೋ ನಗೆ. ತೌಸಿಯ ತಾಯಿ ಕಣ್ಣೀರು ಬರುವ ಹಾಗೆ ನಕ್ಕಳು. ಬಾಂಗು ಕೂಗುವ ಮುದುಕ, ಬೀದಿಯ ಹಿರಿಯ ಕಿಬ್ವಾನಾ ಅಜ್ಜ ನಗುತ್ತ ನಗುತ್ತ ಕೆಮ್ಮಿಗೆ ಸಿಕ್ಕಿಕೊಂಡ.

"ನಗ್ತೀರಾ? ಹಾಸ್ಯ ಅಲ್ಲ ಇದು, ನಿಜ! ಕಿವಿ ಸತ್ತಿದೆಯಾ ನಿಮಗೆ?" ಎಂದು ಸಿಕುಧಾನಿ ಕೂಗಿದಳು. ಕೂಗಿದಷ್ಟೂ ನಗೆ ಹೆಚ್ಚಿತು. ಬೆಂಚಿನ ಮೇಲಿದ್ದ ಮಿಹಾಂಬೊನ ಟೋಪಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು.

ಆಗ ನಗೆ ನಿಂತಿತು. ಆದರೆ ನಿಂತದ್ದು ಬೇರೆ ಕಾರಣಕ್ಕೆ.

ಕಿಬ್ವಾನಾ ಅಜ್ಜ ಕೆಮ್ಮು ಸುಧಾರಿಸಿಕೊಂಡು ಗಂಭೀರನಾದ. "ತಪ್ಪು ಮಗಳೇ, ತಪ್ಪು. ಮ್ತಾನಿ ಮೇಲೆ ಸಿಟ್ಟು ಮಾಡೋದಾ? ನಮ್ಮ ಕಾಲದಲ್ಲಿ ಇಂಥದ್ದು ಕಂಡಿಲ್ಲ. ಮಿಹಾಂಬೊಗೆ ಒಂದು ಕೋಳಿ ಕೊಡಬೇಕು ನೀನು."

"ಕೋಳಿ! ಕದ್ದೋನಿಗೆ ನಾನು ಕೋಳಿ ಕೊಡಬೇಕಾ?"

"ನೋಡಿ, ಇನ್ನೂ ಸಿಟ್ಟು ಇಳಿದಿಲ್ಲ," ಎಂದ ಮಿಹಾಂಬೊ ಬಹಳ ಮೃದುವಾಗಿ. "ಬಿಡಿ ಅಜ್ಜಾ, ಸಣ್ಣ ಕೋಳಿ ಆದ್ರೂ ನಡೆಯುತ್ತೆ."

ಕೊಡಲೇಬೇಕಾಯಿತು. ಬೀದಿಯಲ್ಲಿ ಬದುಕಬೇಕಾದವಳು ಹಿರಿಯರ ಮಾತು ಮೀರುವುದು ಹೇಗೆ? ಕೆಂಪು ಪುಕ್ಕದ, ದಿನವೂ ಮೊಟ್ಟೆಯಿಡುತ್ತಿದ್ದ ಕೋಳಿ ಅದು. ಸಂಜೆ ಮಿಹಾಂಬೊನ ಅಂಗಳದಿಂದ ತೆಂಗಿನ ಹಾಲಿನಲ್ಲಿ ಬೆಂದ ಕೋಳಿಯ ವಾಸನೆ ಬಂತು. ಆ ಅಡುಗೆಗೆ ಬಳಸಿದ್ದೂ ಕದ್ದ ನೀರೇ ಎಂದು ನೆನೆದಾಗ ಸಿಕುಧಾನಿ ಉಗಾಲಿ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಮರುದಿನ ತೌಸಿಯ ತಾಯಿಯನ್ನು ಬಾಗಿಲಲ್ಲೇ ಹಿಡಿದಳು. "ನೀನೂ ನಕ್ಕೆ."

"ಮತ್ತೇನು ಮಾಡಲಕ್ಕಾ? ನೀವಿಬ್ಬರೂ ದಿನಾ ಹೀಗೇ ಕಿತ್ತಾಡ್ತೀರಿ. ನಿನ್ನೆ ಮೊನ್ನೆ ಅವನನ್ನ ಹಂದಿ ಕದ್ದೋನು ಅಂದಿದ್ದೆ. ಅದೂ ನಿಜಾನಾ?"

"ಅದು ಹಾಸ್ಯ."

"ಯಾವುದು ಹಾಸ್ಯ, ಯಾವುದು ನಿಜ ಅಂತ ನಮಗೆ ಹೇಗೆ ಗೊತ್ತಾಗಬೇಕು? ನಿನ್ನ ಹಣೇಲಿ ಬರೆದಿದೆಯಾ?"

ಆಗ ಸಿಕುಧಾನಿಗೆ ಪೂರ್ತಿ ಅರ್ಥವಾಯಿತು. ಊರಿನಲ್ಲಿ ಬೇರೆ ಯಾರು ಬೇಕಾದರೂ ಮಿಹಾಂಬೊನನ್ನು ಕಳ್ಳನೆನ್ನಬಹುದು, ಅದು ಆರೋಪವಾಗುತ್ತದೆ; ಅವಳೊಬ್ಬಳು ಹೇಳಿದರೆ ಅದು ನಗೆಹನಿ. ಮೊದಲ ದಿನ ಮಂದಾಝಿ ಕಿತ್ತುಕೊಂಡಾಗಲೇ ಆತ ಅವಳ ಬಾಯನ್ನೂ ಕಿತ್ತುಕೊಂಡಿದ್ದ. ಅಂದು ಅದು ಬರಿಯ ಸಲುಗೆಯಾಗಿದ್ದರೂ ಇರಬಹುದು. ಈಗ ಮಾತ್ರ ಆತ ತಿಳಿದೂ ತಿಳಿದೂ ಅದರ ಹಿಂದೆ ನಿಂತಿದ್ದ. ದಾರಿಯಲ್ಲಿ ಸಿಕ್ಕಾಗಲೆಲ್ಲ ತಾನೇ ಕೂಗುತ್ತಿದ್ದ: "ಏನು ಮ್ತಾನಿ, ಇವತ್ತು ಎಷ್ಟು ನೀರು ಕದ್ದೆ ನಾನು?" ಜನ ನಗುತ್ತಿದ್ದರು. ಇದಕ್ಕಿಂತ ದೊಡ್ಡ ಸೊಕ್ಕು ಇನ್ನೇನಿದೆ?

ಅವಳು ಹಟ ಹಿಡಿದಳು. ನನ್ನ ಮಾತು ಬೇಡವಾದರೆ ಕೊಳವೆಯ ಮಾತು ಕೇಳಿಸುತ್ತೇನೆ, ನಲ್ಲಿಗೆ ನೀರು ಬರುವ ತನಕ ಬಿಡುವುದಿಲ್ಲ ಎಂದು. ಒಂದು ಗುರುವಾರ ಮಧ್ಯಾಹ್ನ ಗಿರಣಿಯ ಓಣಿಯಲ್ಲಿ, ಸರದಿಗೆ ಕಾಯುವವಳಂತೆ ಜೋಳದ ಬುಟ್ಟಿ ಇಟ್ಟುಕೊಂಡು ಕುಳಿತಳು. ಗುಂಡಿ ಮೈಕು ಕೊಳವೆಯ ಮೇಲೆ, ಇನ್ನೊಂದು ಮೈಕು ತಗಡಿನ ಬೇಲಿಯ ಸಂದಿನಲ್ಲಿ, ಯಂತ್ರ ಜೋಳದ ಅಡಿಯಲ್ಲಿ. ಒಳಗೆ ಟ್ಯಾಂಕರು ಬಂದು ನಿಂತದ್ದರಿಂದ ಹಿಡಿದು ತುಂಬಿ ಹೊರಟದ್ದರವರೆಗೆ ಎಲ್ಲ ಸದ್ದನ್ನೂ ಹಿಡಿದಳು. ಮರುದಿನ ಶುಕ್ರವಾರದ ನಮಾಜು ಮುಗಿದ ಮೇಲೆ ಎಲ್ಲರ ಮುಂದೆ ಕೇಳಿಸುವುದೆಂದು ಮನಸ್ಸಿನಲ್ಲಿತ್ತು.

ಆ ಶುಕ್ರವಾರ ಬೆಳಗಾಗುವಾಗ ಕಬೂಲಾ ಅಜ್ಜಿ ತೀರಿಕೊಂಡಳು.

ಸಾವಿನ ಮನೆಯಲ್ಲಿ ಮ್ತಾನಿಗೆ ಮೊದಲ ಕರೆ. ಸಿಕುಧಾನಿ ಹೋದಳು, ಹೋಗದಿರಲು ಅವಳಿಂದಾಗುತ್ತಿರಲಿಲ್ಲ. ಅಜ್ಜಿಯನ್ನು ತೊಳೆಯಲು ನೀರು ತರುವುದು ಅವಳ ಪಾಲಿನ ಕೆಲಸ. ಬಕೆಟ್ಟು ಹಿಡಿದು ಅಭ್ಯಾಸಬಲದಿಂದ ನಲ್ಲಿಯ ಬಳಿ ಹೋಗಿ ತಿರುಗಿಸಿದಳು. ಒಂದು ಹನಿಯಿಲ್ಲ. ತಿರುಗಿ ನೋಡಿದರೆ ನೀಲಿ ಟ್ಯಾಂಕರು ಮನೆಯ ಮುಂದೆ ಬಂದು ನಿಂತಿತ್ತು; ಬಾಮೈದ ಟೋಪಿ ತೆಗೆದು, ಮುಖ ಸಣ್ಣದು ಮಾಡಿಕೊಂಡು, "ಅಕ್ಕನ ಅತ್ತೆಗೆ ಅಂತ ಬಿಟ್ಟಿ ತಂದಿದ್ದೀನಿ, ಎಷ್ಟು ಬೇಕೋ ಹಿಡ್ಕೊಳ್ಳಿ," ಎನ್ನುತ್ತಿದ್ದ. ಎಂಥ ಉದಾರಿ ಎಂದು ನೆರೆದವರು ತಲೆದೂಗಿದರು. ಆ ತಾಯಿಯ ಕಡೆಯ ಸ್ನಾನಕ್ಕೂ ಸಿಕುಧಾನಿ ಕದ್ದ ನೀರನ್ನೇ ಹೊರಬೇಕಾಯಿತು. ಹೊತ್ತಳು. ಆದರೆ ಬಾಯಿ ಬಿಡಲಿಲ್ಲ.

ಎಲ್ಲರೂ ಕಾಯುತ್ತಿದ್ದರು. ಈಗ ಅಜ್ಜಿಯಂತೆ ಆಡಿ ತೋರಿಸುತ್ತಾಳೆ, ಹೆಣದ ಹೊದಿಕೆ ಹಿಡಿದು 'ಈ ಮುದುಕಿ ನನಗೆ ಸಾಲ ಕೊಡಬೇಕು' ಎಂದು ಜಗಳ ತೆಗೆಯುತ್ತಾಳೆ, ಗೋರಿಗೆ ಅಡ್ಡ ನಿಲ್ಲುತ್ತಾಳೆ, ಅತ್ತು ಸುಸ್ತಾದವರು ಒಮ್ಮೆ ನಕ್ಕು ಹಗುರಾಗಬಹುದು ಎಂದು. ಸಿಕುಧಾನಿ ಸುಮ್ಮನೆ ನೀರು ಹೊತ್ತಳು, ಸುಮ್ಮನೆ ಸೌದೆ ಒಡೆದಳು. ಮ್ತಾನಿ ಮೂಗಿಯಾದ ಸಾವಿನ ಮನೆಯನ್ನು ನಮ್ಮ ಬೀದಿ ಎಂದೂ ಕಂಡಿರಲಿಲ್ಲ. ಅಲ್ಲಿ ಗಾಳಿಯೇ ಭಾರವಾಗಿತ್ತು.

ಮಿಹಾಂಬೊ ಹಿತ್ತಲಿಗೆ ಬಂದ. ಕಣ್ಣು ಕೆಂಪಾಗಿತ್ತು. "ಏನಾದ್ರೂ ಅನ್ನೇ, ಮ್ತಾನಿ. ನಮ್ಮಮ್ಮನ್ನ ಹೀಗೆ ಸುಮ್ಮನೆ ಕಳಿಸ್ತೀಯಾ? ನಿನ್ನ ಕಂಡ್ರೆ ಎಷ್ಟು ಪ್ರೀತಿ ಇತ್ತು ಅವಳಿಗೆ."

ಅವನ ದುಃಖ ಸುಳ್ಳಾಗಿರಲಿಲ್ಲ. ಏನಾದರೂ ಒಂದು ಮಾತು, ತಬೋರಾದ ಬಾವಿಯ ಮಾತು, ಸಿಕುಧಾನಿಯ ತುಟಿಯವರೆಗೆ ಬಂತು. ಆಗ ಎದುರಿನ ಬೇಲಿಯಾಚೆ ತೌಸಿ ತಲೆಯ ಮೇಲೆ ಬಕೆಟ್ಟು ಹೊತ್ತು, ಕತ್ತು ನೆಟ್ಟಗೆ ಮಾಡಿಕೊಂಡು ನಡೆದುಹೋಗುವುದು ಕಂಡಿತು. ತುಟಿಗೆ ಬಂದ ಮಾತನ್ನು ನುಂಗಿಕೊಂಡು ಅವಳು ಇನ್ನೊಂದು ಬಕೆಟ್ಟು ಎತ್ತಿಕೊಂಡಳು.

ಅಳುವವರು ಕೂತು ಮಲಗಿದ ಚಾಪೆಗಳನ್ನು ಎತ್ತಿ, ಊಟ ಹಾಕಿ, ಶೋಕ ಮುಗಿಸುವ ದಿನ ಬಂತು. ಮಿಹಾಂಬೊನ ಅಂಗಳದಲ್ಲಿ ಇಡೀ ಬೀದಿ ಸೇರಿತ್ತು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ದೊಡ್ಡ ಹಂಡೆಗಳಲ್ಲಿ ಪಿಲಾವು ಬೇಯಿಸುವ ಹೆಂಗಸರು. ಕಿಬ್ವಾನಾ ಅಜ್ಜ ಸಿಕುಧಾನಿಯನ್ನು ನಡುವಿಗೆ ಕರೆದ.

"ಮಗಳೇ, ಚಾಪೆ ಎತ್ತೋ ಮುಂಚೆ ನಿನ್ನ ವಿಚಾರ ತೀರಬೇಕು. ಮ್ತಾನಿ ಆಗಿ ನೀನು ಒಂದು ಮಾತೂ ಆಡಲಿಲ್ಲ. ಸಿಟ್ಟಾಗಿದ್ದಕ್ಕೆ ಕೋಳಿ ತಗೊಂಡ್ವಿ. ಸುಮ್ಮನಿದ್ದಿದ್ದಕ್ಕೆ ಮೇಕೆ ತಗೋಬೇಕಾಗುತ್ತೆ, ನೋಡು."

ಜನ ನಕ್ಕರು. ಬಹಳ ದಿನಗಳ ಮೇಲೆ ನಗಲು ಸಿಕ್ಕಿದ ಅವಕಾಶ ಅದು. ಸಿಕುಧಾನಿ ನಗೆ ನಿಲ್ಲುವವರೆಗೆ ಕಾದಳು.

"ನಾನು ಆಡಿದ ಮಾತೆಲ್ಲ ಹಾಸ್ಯ ಅಂತ ತೀರ್ಪು ಕೊಟ್ಟವರು ನೀವೇ, ಅಜ್ಜಾ. ಅದಕ್ಕೇ ಇವತ್ತು ನಾನು ಮಾತಾಡಲ್ಲ." ಜೋಳಿಗೆಯಿಂದ ಯಂತ್ರ ತೆಗೆದಳು. "ಇದು ಮಾತಾಡುತ್ತೆ. ಇದು ಝರಾಮೊನೂ ಅಲ್ಲ, ನ್ಯಾಮ್ವೇಝಿನೂ ಅಲ್ಲ. ಕೊಳವೆ ಯಾರ ಮ್ತಾನಿಯೂ ಅಲ್ಲ. ಕೇಳಿ."

ಕುರಾನ್ ಪಠಣಕ್ಕೆಂದು ತಂದಿದ್ದ ಸ್ಪೀಕರಿಗೆ ತಂತಿ ಸಿಕ್ಕಿಸಿದಳು. ಮೊದಲು ಅವಳದೇ ರೇಡಿಯೊ ದನಿ: "ಗುರುವಾರ. ಮಧ್ಯಾಹ್ನದ ಬಾಂಗಿಗೆ ಮುಂಚೆ. ಹಿಟ್ಟಿನ ಗಿರಣಿಯ ಹಿಂದಿನ ಓಣಿ." ಆಮೇಲೆ ಕೊಳವೆಯ ಗುಂಯ್ಗಾರ. ಅದರ ಮೇಲೆ ಖಾಲಿ ಪಾತ್ರೆಗೆ ನೀರು ಬಿದ್ದಂತೆ ಧೊ ಧೊ ಎಂಬ ದಪ್ಪ ಸದ್ದು. ಗಂಡಸರು ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಸದ್ದು ಬರುಬರುತ್ತ ತೆಳುವಾಯಿತು, ಮೇಲೇರಿತು, ಇನ್ನೂ ಮೇಲೇರಿತು...

"ಏಯ್, ತುಂಬ್ತು! ನಿಲ್ಸ್ರೇ, ಚೆಲ್ಲಿಹೋಗುತ್ತೆ!"

ಕೂಗಿದವಳು ತೌಸಿಯ ತಾಯಿ. ಹಂಡೆಗೆ ಮುಖ ಮಾಡಿ ಅಕ್ಕಿ ತೊಳೆಯುತ್ತಿದ್ದವಳು, ಬೆನ್ನ ಹಿಂದೆ ಯಾರೋ ಬಕೆಟ್ಟು ತುಂಬುತ್ತಿದ್ದಾರೆಂದು ತಿಳಿದು ಧಡಕ್ಕನೆ ತಿರುಗಿದ್ದಳು. ಅವಳೊಬ್ಬಳೇ ಅಲ್ಲ. ಹಂಡೆಗಳ ಬಳಿಯಿದ್ದ ಹೆಂಗಸರೆಲ್ಲ ತಿರುಗಿದ್ದರು. ಒಬ್ಬಿಬ್ಬರ ಕೈ ಇಲ್ಲದ ನಲ್ಲಿಯನ್ನು ನಿಲ್ಲಿಸಲು ಮುಂದೆ ಚಾಚಿತ್ತು. ನೀರು ತುಂಬುವ ಸದ್ದು ಕಂಠದವರೆಗೆ ಬಂದುದನ್ನು ಕಣ್ಣುಮುಚ್ಚಿ ಹೇಳಬಲ್ಲವರು ಅವರು. ಹುಟ್ಟಿದಂದಿನಿಂದ ಅದೇ ಕೆಲಸ.

"ಎಲ್ಲಿದೆ ಬಕೆಟ್ಟು?" ಎಂದಳು ತೌಸಿಯ ತಾಯಿ ಸುತ್ತ ನೋಡುತ್ತ.

"ಬಕೆಟ್ಟಲ್ಲ ಕಣೇ," ಎಂದಳು ಸಿಕುಧಾನಿ. "ಇಷ್ಟು ಹೊತ್ತು ತುಂಬೋ ಬಕೆಟ್ಟು ಎಲ್ಲಾದ್ರೂ ಕಂಡಿದ್ದೀಯಾ? ಕೇಳು ಇನ್ನೂ."

ಸ್ಪೀಕರಿನಲ್ಲಿ ಗಿರಣಿಯ ಹರಿದ ಪಟ್ಟಿ ತಟ್ ತಟ್ ಎಂದು ಬಡಿಯುತ್ತಿತ್ತು. ಬೀದಿಯ ಮಗುವಿಗೂ ಗೊತ್ತಿದ್ದ ಸದ್ದು. ಅಷ್ಟರಲ್ಲಿ ಮಸೀದಿಯ ಮೈಕಿನಿಂದ ಒಂದು ಕೆಮ್ಮು, ಇನ್ನೊಂದು ಕೆಮ್ಮು, ಬಳಿಕ ಮಧ್ಯಾಹ್ನದ ಬಾಂಗು. ಎಲ್ಲರೂ ಕಿಬ್ವಾನಾ ಅಜ್ಜನತ್ತ ತಿರುಗಿದರು.

"ಇದು ನನ್ನ ಕೆಮ್ಮು," ಎಂದ ಮೆಲ್ಲಗೆ. "ನಾನು ಬಾಂಗು ಕೂಗೋ ಹೊತ್ತಲ್ಲಿ... ನನ್ನ ಬಾಂಗಿನ ಮರೆಯಲ್ಲಿ..."

ಮಿಹಾಂಬೊ ಎದ್ದು ನಿಂತ. ಅಭ್ಯಾಸಬಲದಿಂದಲೇ ಇರಬೇಕು, ತೊಡೆ ತಟ್ಟಿಕೊಂಡು ನಕ್ಕ. "ಭಲೇ ಮ್ತಾನಿ! ಡೋಲು ಬಿಟ್ಟು ಈಗ ಕೊಳವೆ ಬಾರಿಸೋಕೆ ಶುರು ಮಾಡಿದ್ಯಾ?"

ಯಾರೂ ನಗಲಿಲ್ಲ. ಆ ನಗೆ ಅಂಗಳದಲ್ಲಿ ಒಂಟಿಯಾಗಿ ಒಂದು ಸುತ್ತು ತಿರುಗಿ ಬಿದ್ದುಹೋಯಿತು.

ತೌಸಿಯ ತಾಯಿ ಸೆರಗಿಗೆ ಕೈ ಒರೆಸಿಕೊಂಡು ಅವನ ಮುಂದೆ ಬಂದು ನಿಂತಳು. "ನಾನು ನಿನ್ನ ಮ್ತಾನಿ ಅಲ್ಲ, ಅಣ್ಣಾ. ನಮ್ಮದು ಮಕೊಂಡೆ ಜನ. ನಾನು ಕೇಳ್ತೀನಿ, ನನಗೆ ಹೇಳು. ನನ್ನ ಮಗಳ ಕತ್ತಿನ ಮೇಲೆ ಇಷ್ಟು ವರ್ಷ ಹೊರಿಸಿದ್ದು ಯಾರ ನೀರು?"

ಅವನು ಬಾಮೈದನಿಗಾಗಿ ಸುತ್ತ ನೋಡಿದ.

"ಬಕೆಟ್ಟು ಎತ್ತಿಕೊಳ್ರೇ," ಎಂದಳು ಅವಳು. ಹೆಂಗಸರು ಬೇಯುವ ಪಿಲಾವನ್ನು ಬಿಟ್ಟು ಬಕೆಟ್ಟು ಎತ್ತಿಕೊಂಡು ಹೊರಟರು. ಹಿಂದೆ ಗಂಡಸರು, ಮುಂದೆ ಊರುಗೋಲು ಕುಟ್ಟುತ್ತ ಕಿಬ್ವಾನಾ ಅಜ್ಜ. ಗಿರಣಿಯ ಹಿಂದಿನ ಗೇಟಿಗೆ ಬಂದಾಗ ಬಾಮೈದ ಬೇಲಿ ಹಾರಿ ಹೋಗಿದ್ದ. ಒಳಗೆ ನೆಲದಲ್ಲಿ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ. ಅಜ್ಜ ಕೈ ಚಾಚಿದ. ಮಿಹಾಂಬೊ ಸೊಂಟದ ಗೊಂಚಲಿನಿಂದ ಬೀಗದ ಕೈ ತೆಗೆದು ಕೊಟ್ಟ. ಮನೆಯ ಬೀಗದ ಕೈಯ ಪಕ್ಕದಲ್ಲೇ ಅದು ನೇತಾಡುತ್ತಿತ್ತು. ಇಷ್ಟು ದಿನ ನಮ್ಮೆಲ್ಲರ ಕಣ್ಣೆದುರಿಗೇ!

ಮುಚ್ಚಳದಡಿಯ ವಾಲ್ವನ್ನು ತಿರುಗಿಸಿದಾಗ ಸಿಕುಧಾನಿ ಅಲ್ಲಿ ಇರಲಿಲ್ಲ. ಅವಳು ಬೀದಿಯ ನಲ್ಲಿಯ ಬಳಿ, ಮೊದಲ ದಿನದಂತೆಯೇ ನೆಲಕ್ಕೆ ಒರಗಿ, ಕೊಳವೆಗೆ ಕಿವಿಯಿಟ್ಟು ಮಲಗಿದ್ದಳು. ನಲ್ಲಿ ಮೊದಲು ಉಸಿರು ಬಿಟ್ಟಿತು, ಕೆಮ್ಮಿತು, ಕೆಂಪು ಮಣ್ಣುನೀರು ಕಾರಿತು, ಆಮೇಲೆ ತಿಳಿಯಾಯಿತು. ನೀರು ಮುಖದ ಮೇಲೆ ಬಿದ್ದರೂ ಅವಳು ಏಳಲಿಲ್ಲ.

ಆಮೇಲಿನದನ್ನು ಹೇಳುವಾಗ ಈಗಲೂ ಮೈ ಉರಿಯುತ್ತದೆ. ಮಿಹಾಂಬೊಗೆ ಶಿಕ್ಷೆಯಾಯಿತೆಂದುಕೊಂಡಿರಾ? ಆರೋಗ್ಯ ಸರಿಯಿಲ್ಲವೆಂದು ಸಮಿತಿ ಬಿಟ್ಟ, ಅಷ್ಟೇ. ಅಧಿಕಾರಿಗಳು ಬಂದು ಕಳ್ಳ ಕೊಳವೆಯನ್ನು ಕತ್ತರಿಸಿ, ಚಹಾ ಕುಡಿದು ಹೋದರು. ತಪ್ಪಾಯಿತು ಎಂಬ ಒಂದು ಮಾತು ಆತನ ಬಾಯಿಂದ ಬರಲಿಲ್ಲ. ಕೆಂಪು ಕೋಳಿಯೂ ಹಿಂದೆ ಬರಲಿಲ್ಲ. ಕಿಬ್ವಾನಾ ಅಜ್ಜ ಮಾತ್ರ ತನ್ನ ಮನೆಯ ಒಂದು ಹೇಂಟೆಯನ್ನು ಕಂಕುಳಲ್ಲಿಟ್ಟುಕೊಂಡು ಸಿಕುಧಾನಿಯ ಬಾಗಿಲಿಗೆ ಬಂದ. "ತೀರ್ಪು ನಂದು, ದಂಡವೂ ನಂದೇ," ಎಂದ. ಅವಳು ಚಹಾ ಕೊಟ್ಟು, ಹೇಂಟೆಯನ್ನು ಅವನ ಕಂಕುಳಲ್ಲೇ ವಾಪಸು ಕಳಿಸಿದಳು. "ತಿಂದೋನು ತಂದುಕೊಡಲಿ ಅಜ್ಜಾ." ಮಿಹಾಂಬೊ ಈಗಲೂ ದಾರಿಯಲ್ಲಿ ಸಿಕ್ಕರೆ ಹಲ್ಲು ಬಿಡಲು ನೋಡುತ್ತಾನೆ. "ಕೋಳಿ ಎಲ್ಲಿ?" ಎಂದಷ್ಟೇ ಕೇಳುತ್ತಾಳೆ ಅವಳು. ಅದು ಹಾಸ್ಯವಲ್ಲವೆಂದು ಈಗ ಬೀದಿಗೆಲ್ಲ ಗೊತ್ತು.

ನೀಲಿ ಟ್ಯಾಂಕರು ಸುಮ್ಮನೆ ನಿಲ್ಲಲಿಲ್ಲ. ಹೊಸ ಬಣ್ಣ ಬಳಿಸಿಕೊಂಡು, ರೈಲು ಹಳಿಯಾಚೆಯ ಬಡಾವಣೆಯಲ್ಲಿ ಹಸುರಾಗಿ ಓಡಾಡುತ್ತಿದೆ. ಅಲ್ಲಿಯ ನಲ್ಲಿಗಳೂ ಈಚೆಗೆ ಬತ್ತಿವೆಯಂತೆ.

ಅದಕ್ಕೇ ಈಗ ಸಿಕುಧಾನಿ ಬೆಳಗಾದರೆ ಜೋಳಿಗೆ ಹಾಕಿಕೊಂಡು ಹಳಿ ದಾಟುತ್ತಾಳೆ. ತೌಸಿಯ ತಾಯಿ ಕೆಲವೊಮ್ಮೆ ಜೊತೆಗಿರುತ್ತಾಳೆ. ಯಂತ್ರವಿಲ್ಲದವರಿಗೆ ಇಬ್ಬರೂ ಉಗಾಲಿ ತಿರುಗಿಸುವ ಮರದ ಸೌಟನ್ನೇ ಹಿಡಿಯಲು ಹೇಳಿಕೊಡುತ್ತಾರೆ: ಅಗಲದ ತುದಿ ಕೊಳವೆಗೆ, ಹಿಡಿಯ ತುದಿ ಕಿವಿಗೆ. ಆ ಕಡೆಯ ಹೆಂಗಸರು ಸೌಟು ಹಿಡಿದು ಬೀದಿಯಲ್ಲಿ ಬಗ್ಗಿ ಕೂರುವುದನ್ನು ಕಂಡು ಗಂಡಸರಿಗೆ ನಗು.

ಮೊನ್ನೆ ಅಲ್ಲಿಯ ಒಂದು ನಲ್ಲಿಯ ಬುಡದಲ್ಲಿ ಅವಳು ಬೋರಲಾಗಿ ಮಲಗಿದ್ದಾಗ, ಒಳ್ಳೆಯ ಅಂಗಿ ತೊಟ್ಟ, ನಗುಮುಖದ ಒಬ್ಬ ಹಿರಿಯ ಬಂದು ನಿಂತನಂತೆ. ಪಕ್ಕದಲ್ಲಿದ್ದ ಮಂದಾಝಿ ಪೊಟ್ಟಣದ ಮೇಲೆ ಅವನ ಕಣ್ಣು.

"ಯಾವ ಜನ ತಾಯಿ ನೀನು?"

ಸಿಕುಧಾನಿ ಕಿವಿ ಎತ್ತದೆ, ಪೊಟ್ಟಣವನ್ನು ಮಾತ್ರ ಮೊಣಕೈಯಡಿಗೆ ಎಳೆದುಕೊಂಡಳು.

"ಮೊದಲು ನೀರು ಬರಲಿ, ಅಣ್ಣಾ. ಆಮೇಲೆ ಹೇಳ್ತೀನಿ."